ಅಷ್ಟಮಿಯ ನೀರಲ್ಲಿ ಮನೆಗೆ

ಇಸೋಬೆ ಬಂದರಿನಲ್ಲಿ ಯಾರನ್ನಾದರೂ ನಿಲ್ಲಿಸಿ, ಮೀನು ಹಿಡಿಯುವುದು ಯಾರು ಎಂದು ಕೇಳಿದರೆ ಗಂಡಸು ಎನ್ನುತ್ತಾರೆ. ದೋಣಿ ನಡೆಸುವುದು ಯಾರು ಎಂದು ಕೇಳಿದರೂ ಗಂಡಸು ಎಂದೇ ಹೇಳುತ್ತಾರೆ. ಇದು ನಮ್ಮೂರಿನ ಹಳೆಯ ಸುಳ್ಳು. ಗಂಡ ಮುಂದೆ ಕೂತು ಗಾಳದ ದಾರ ಬಿಡುತ್ತಾನೆ, ಹೆಂಡತಿ ಹಿಂದೆ ನಿಂತು ಹುಟ್ಟು ಹಾಕುತ್ತಾಳೆ. ನೀರು ಎತ್ತ ಎಳೆದರೂ ದಾರ ನೆಟ್ಟಗೆ ಇಳಿಯುವ ಹಾಗೆ ದೋಣಿಯನ್ನು ಒಂದೇ ಜಾಗದಲ್ಲಿ ಹಿಡಿದು ನಿಲ್ಲಿಸುವುದು ಅವಳ ಪಾಲಿನ ಕೆಲಸ. ಮೀನು ಬಿದ್ದರೆ ಅವನ ಕೈಗುಣ, ಬೀಳದಿದ್ದರೆ ಇವಳ ಹುಟ್ಟಿನ ದೋಷ. ಕಿಕುನೊ ಹೀಗೆ ಇಪ್ಪತ್ತು ವರ್ಷ ಗಂಡ ತೋಕುಜೊನ ಕೈಗುಣವನ್ನು ಕಾಪಾಡಿಕೊಂಡು ಬಂದಿದ್ದಳು.

ಅವಳು ಹುಟ್ಟಿದ್ದೂ ದೋಣಿಯಲ್ಲೇ. ಆಗ ನಮ್ಮವರಿಗೆ ನೆಲದ ಮೇಲೆ ಮನೆ ಎಂಬುದೇ ಇರಲಿಲ್ಲ. ಅಡುಗೆ, ನಿದ್ದೆ, ಜಗಳ, ಹೆರಿಗೆ ಎಲ್ಲವೂ ದೋಣಿಯ ಹಲಗೆಯ ಮೇಲೆ. ಮಗು ನಡೆಯುವುದನ್ನು ಕಲಿತ ದಿನ ಅದರ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಪಟದ ಕಂಬಕ್ಕೆ ಬಿಗಿಯುತ್ತಿದ್ದರು, ನೀರಿಗೆ ಬೀಳದಿರಲಿ ಎಂದು. ಹಗ್ಗ ಬಿಚ್ಚಿದ ದಿನ ಕೈಗೆ ಹುಟ್ಟು ಕೊಡುತ್ತಿದ್ದರು. ನಡುವೆ ಬಾಲ್ಯ ಎಂದು ಬೇರೆ ಏನೂ ಇರಲಿಲ್ಲ. ವರ್ಷವೆಲ್ಲ ಎಲ್ಲೆಲ್ಲೋ ಮೀನು ಹಿಡಿದು, ಹೊಸ ವರ್ಷಕ್ಕೊಮ್ಮೆ ಮತ್ತು ಸತ್ತವರು ಮನೆಗೆ ಬರುವ ಬೋನ್ ಹಬ್ಬಕ್ಕೊಮ್ಮೆ ಇಸೋಬೆಗೆ ಬಂದು, ದೋಣಿಗೆ ದೋಣಿ ತಾಗಿಸಿ ಸಾಲಾಗಿ ಕಟ್ಟುತ್ತಿದ್ದರು.

ಕಿಕುನೊ ಮದುವೆಯಾದಾಗ ತೋಕುಜೊ ಹೊಸ ದೋಣಿ ಕಟ್ಟಿಸಿದ. ಬಡಗಿ ಕಂಬದ ಬುಡದ ಗೂಡಿನಲ್ಲಿ ದೋಣಿಯ ದೇವರನ್ನು ಕೂರಿಸುವಾಗ ಹೆಂಡತಿಯ ಕೂದಲು ಕೇಳಿದ. ಅದು ಪದ್ಧತಿ. ಅತ್ತೆ ತೊರಾ ಮೀನು ಕೊಯ್ಯುವ ಚಾಕುವಿನಲ್ಲೇ ಸೊಸೆಯ ಜಡೆಯಿಂದ ಒಂದು ಗುಚ್ಛ ಕತ್ತರಿಸಿ ಕೊಟ್ಟಳು.

"ನೋವಾಯ್ತಾ?" ಎಂದಳು.

"ಇಲ್ಲ ಅತ್ತೆ."

"ಆಗ್ಬೇಕಿತ್ತು. ಇನ್ಮೇಲೆ ಈ ದೋಣಿ ಬಂಡೆಗೆ ತಾಗಿದ್ರೆ ನಿನ್ನ ತಲೆಗೇ ತಾಗಿದ ಹಾಗೆ, ತಿಳ್ಕೊ."

ತೊರಾಳಿಗೆ ಇಬ್ಬರು ಮಕ್ಕಳು. ದೊಡ್ಡವನು ಮನ್ಸಾಕು, ಚಿಕ್ಕವನು ತೋಕುಜೊ. ಒಬ್ಬ ಏರಿಗೆ ಎಳೆದರೆ ಇನ್ನೊಬ್ಬ ನೀರಿಗೆ ಎಳೆಯುವವನು. ಯುದ್ಧ ಮುಗಿದ ಮೇಲೆ ಮನ್ಸಾಕು ಊರಿಗೆಲ್ಲ ಮೊದಲು ಎಂಜಿನ್ ದೋಣಿ ತಂದ. ಬೇರೆಯವರ ದೋಣಿಗಳನ್ನು ಒಂದರ ಹಿಂದೊಂದು ಹಗ್ಗ ಕಟ್ಟಿ ಕ್ಯೂಶು ಕಡೆಯ ಮೀನಿನ ಜಾಗಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಒಮ್ಮೆ ತಮ್ಮನ ದೋಣಿಯೇ ಸಾಲಿನ ಮೊದಲಿಗಿತ್ತು. ತೆರೆ ಎದ್ದಿತ್ತು, ಅಣ್ಣ ವೇಗ ತಗ್ಗಿಸಲಿಲ್ಲ. ಹಗ್ಗ ಜಗ್ಗಿದ ಏಟಿಗೆ ದೋಣಿಯ ಮೂತಿಯ ಮರ ಉದ್ದಕ್ಕೂ ಸೀಳಿತು. ತೋಕುಜೊ ಚಾಕು ತೆಗೆದು ಎಲ್ಲರೆದುರು ಹಗ್ಗ ಕಡಿದ. ಹಿಂದಿನ ದೋಣಿಗಳೆಲ್ಲ ಕುರಿ ಮಂದೆಯ ಹಾಗೆ ಚದುರಿದವು. "ನನ್ನ ಹಗ್ಗ ಕಡಿದೆ" ಎಂದು ಅಣ್ಣ, "ನನ್ನ ಮನೆ ಒಡೆದೆ" ಎಂದು ತಮ್ಮ. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಬಡಗಿ ಮೂತಿಗೆ ಕಬ್ಬಿಣದ ಪಟ್ಟಿ ಬಿಗಿದು, ಇನ್ನು ಈ ದೋಣಿಯನ್ನು ಹುಟ್ಟಿನಲ್ಲಿ ಎಷ್ಟು ಬೇಕಾದರೂ ನಡೆಸಿ, ಎಂಜಿನ್ನಿಗೆ ಮಾತ್ರ ಕಟ್ಟಬೇಡಿ, ಕಟ್ಟಿದರೆ ಎರಡು ಹೋಳಾಗುತ್ತದೆ ಎಂದು ಹೇಳಿ ಹೋದ. ಅಣ್ಣತಮ್ಮಂದಿರು ಆಮೇಲೆ ಐದು ವರ್ಷ ಮಾತಾಡಲಿಲ್ಲ.

ಮಾತಾಡುವ ಮೊದಲೇ ತೋಕುಜೊ ಸತ್ತ. ಚಳಿಗಾಲದ ಕೊನೆಯಲ್ಲಿ ಕೆಮ್ಮು ಹಿಡಿದು, ಪ್ಲಮ್ ಹೂ ಬಿಡುವ ಹೊತ್ತಿಗೆ ಮುಗಿದುಹೋದ. ಬೂದಿಯನ್ನು ಊರ ದೇವಾಲಯದ ಹಿಂದಿನ ಗುಡ್ಡದಲ್ಲಿ ಹೂಳಿ ಬಂದ ದಿನ ಮನ್ಸಾಕು ನಾಲ್ಕು ಜನರೆದುರು ಮಾತು ತೆಗೆದ. ಅವನು ಆ ವರ್ಷವಷ್ಟೇ ದಡದಲ್ಲಿ ಹೆಂಚಿನ ಮನೆ ಕೊಂಡಿದ್ದ.

"ನೋಡು ಕಿಕುನೊ, ಮಕ್ಕಳಿಲ್ಲ, ಮರಿಯಿಲ್ಲ. ಒಂಟಿ ಹೆಂಗಸು ದೋಣಿ ಇಟ್ಕೊಂಡು ಏನ್ಮಾಡ್ತೀಯ? ತಮ್ಮನ ಮೊದಲ ಬೋನ್ ದೀಪ ನನ್ನ ಮನೆ ಬಾಗಿಲಲ್ಲಿ ಕಟ್ತೀನಿ. ಅವನ ಹೆಸರು ಬರೆದ ಪೂಜೆ ಹಲಗೇನೂ ನನ್ನ ಮನೆ ದೇವರ ಗೂಡಿಗೆ ಬರ್ಲಿ. ದೋಣಿ ಮಾರಿಬಿಡೋಣ."

ಸತ್ತವರ ಮೊದಲ ಬೋನ್‌ಗೆ ಬಿಳಿ ಕಾಗದದ ದೀಪ ಕಟ್ಟುತ್ತಾರೆ. ಅದು ಎಲ್ಲಿ ತೂಗುತ್ತದೋ ಅದೇ ಅವರ ಮನೆ, ಅಲ್ಲಿಗೇ ಅವರು ಬರುತ್ತಾರೆ, ಮುಂದೆಯೂ ವರ್ಷವರ್ಷ ಅಲ್ಲಿಗೇ. ದೀಪ ಅಣ್ಣನ ಬಾಗಿಲಿಗೆ ಹೋದರೆ ದೋಣಿ ಬರಿಯ ಮರ. ಇದು ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಿಕುನೊ ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ದೀಪ ದೋಣೀಲೇ ಕಟ್ತೀನಿ ಭಾವ. ಅವರ ಮನೆ ಅದೇ."

"ಹಬ್ಬದ ದಿನ ದೋಣಿ ಈ ಬಂದರಲ್ಲಿ ಇರ್ಬೇಕಲ್ಲ? ನೀನೊಬ್ಳೇ ತರ್ತೀಯಾ?"

"ತರ್ತೀನಿ."

"ತರ್ದಿದ್ರೆ?"

"ತರ್ದಿದ್ರೆ ನಿಮ್ಮ ಬಾಗಿಲಲ್ಲೇ ಕಟ್ಟಿ. ನಾನು ಬಾಯಿ ಬಿಡಲ್ಲ."

ಆಡಿದ ಮಾತು ಒಡೆದ ಮುತ್ತು. ಹಾಗೆ ಮಾತು ಕೊಟ್ಟು ಅವಳು ಗಂಡನ ಹೆಸರಿನ ಹಲಗೆಯನ್ನು ಎದೆಗವಚಿಕೊಂಡು ದೋಣಿಗೆ ಹೋದರೆ, ಅಲ್ಲಿ ತೊರಾ ತನ್ನ ಹಾಸಿಗೆ ಸುರುಳಿಯ ಮೇಲೆ ಆಗಲೇ ಕೂತಿದ್ದಳು. ದೊಡ್ಡ ಮಗನ ಹೊಸ ಮನೆಯಲ್ಲಿ ಮುದುಕಿಗೆ ಬೇರೆ ಕೋಣೆಯನ್ನೇ ಬಿಟ್ಟಿದ್ದರು.

"ಆ ಮನೆ ಅಲ್ಲಾಡೋದೇ ಇಲ್ಲ ಕಣೆ. ನಿದ್ದೆ ಹೆಂಗೆ ಬರತ್ತೆ?" ಎಂದಳು.

ಸೊಸೆಯನ್ನು ಒಂಟಿಯಾಗಿ ಬಿಡಲು ಮನಸ್ಸಿಲ್ಲ ಎಂದು ಹೇಳುವ ಜಾತಿಯೇ ಅಲ್ಲ ಅದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇವರಿಬ್ಬರಿಗೂ ಒಂದೇ ಕಾಲ ಬಂದಿತ್ತು, ಒಂದೇ ದೋಣಿಯಲ್ಲಿ.

ಆ ವಸಂತದಲ್ಲಿ ಇಬ್ಬರೂ ಕ್ಯೂಶು ಕಡೆಗೆ ಇಳಿದರು. ಕಿಕುನೊ ಹುಟ್ಟು ಹಾಕುತ್ತಲೇ ದಾರವನ್ನೂ ನೋಡಿದಳು, ತೊರಾ ಗಂಡಸಿನ ಜಾಗದಲ್ಲಿ ಕೂತು ಗಾಳ ಬಿಟ್ಟಳು. ಯಾವ ಗುಡ್ಡದ ತುದಿ ಯಾವ ಪೈನ್ ಮರದ ನೇರಕ್ಕೆ ಬಂದರೆ ಕೆಳಗೆ ಬಂಡೆ ಇದೆ, ಬಂಡೆಯ ಬುಡದಲ್ಲಿ ಮೀನಿದೆ ಎನ್ನುವುದು ತೋಕುಜೊನ ಗುಟ್ಟು ಎಂದು ಊರೆಲ್ಲ ನಂಬಿತ್ತು. ಆ ನೇರಕ್ಕೆ ದೋಣಿಯನ್ನು ತಂದು ನಿಲ್ಲಿಸುತ್ತಿದ್ದವಳು ಕಿಕುನೊ, ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ? ಮೀನು ಬಿತ್ತು. ಸಂಜೆ ಯಾವುದಾದರೂ ಬಂದರಿಗೆ ನುಗ್ಗುವಾಗ ಕಟ್ಟೆಯ ಮೇಲಿನಿಂದ ವಾಡಿಕೆಯಂತೆ ಕೂಗು ಬರುತ್ತಿತ್ತು.

"ಯಾರ ದೋಣಿ?"

"ಇಸೋಬೆಯ ತೋಕುಜೊ ದೋಣಿ!" ಎಂದು ಕಿಕುನೊ ಕೂಗುತ್ತಿದ್ದಳು.

ಒಂದು ಕಡೆ ಒಬ್ಬ ಹಲ್ಲು ಕಿಸಿದು, "ತೋಕುಜೊ ಎಲ್ಲಿ, ಕಾಣ್ತಾನೇ ಇಲ್ಲ? ಹೆಂಡ್ತಿ ನಿಲುವಂಗಿಯೊಳಗೆ ಅಡಗಿದ್ದಾನಾ?" ಎನ್ನುವ ಧಾಟಿಯಲ್ಲಿ ಏನೋ ಹೊಲಸು ನುಡಿದ.

"ಸತ್ತಿದ್ದಾನೆ. ನಿನ್ನ ಹಾಗೆ ಬದುಕೋದಕ್ಕಿಂತ ಅದೇ ಮೇಲು ಅಂದ!" ಎಂದು ತೊರಾ ಮುಂದಿನಿಂದ ಉಗಿದಳು. ಅಲ್ಲಿಂದ ಮುಂದೆ ಆ ಬಂದರಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ.

ಹಬ್ಬಕ್ಕೆ ಹೊರಡುವ ದಿನವನ್ನು ಕಿಕುನೊ ಆಕಾಶ ನೋಡಿ ಇಟ್ಟುಕೊಂಡಿದ್ದಳು. ಬೋನ್ ಎಂದರೆ ಏಳನೆಯ ತಿಂಗಳ ಹುಣ್ಣಿಮೆ. ಹುಣ್ಣಿಮೆ ಹತ್ತಿರವಾದಂತೆ ನೀರಿಗೆ ಶಕ್ತಿ ಬರುತ್ತದೆ, ಉಬ್ಬರ ಮೂಡಲಿಗೆ ಹೊಳೆಯಂತೆ ಹರಿಯುತ್ತದೆ. ಅದರ ಬೆನ್ನೇರಿದರೆ ಸಾಕು, ಅರ್ಧ ದಾರಿ ನೀರೇ ಮನೆಗೆ ಮುಟ್ಟಿಸುತ್ತದೆ. ನಮ್ಮ ಹಿರಿಯರು ಹಾಗೆಯೇ ಬರುತ್ತಿದ್ದರು, ಸತ್ತವರೂ ಹಾಗೆಯೇ ಬರುತ್ತಾರೆಂದು ನಂಬಿದ್ದರು. ಹಿಮೇಶಿಮಾ ದ್ವೀಪದ ಮರೆಯಲ್ಲಿ ದೋಣಿ ನಿಲ್ಲಿಸಿಕೊಂಡು, ಚಂದ್ರ ಇನ್ನೂ ಉಗುರಿನಷ್ಟು ಇದ್ದಾನೆ ಎಂದು ಅವಳು ನಿಶ್ಚಿಂತೆಯಿಂದ ಬಲೆಗೆ ತೇಪೆ ಹಾಕುತ್ತಿದ್ದಾಗ ಮೀನು ಕೊಳ್ಳುವ ದೋಣಿಯವನು ಬಂದ.

"ಕಿಕುನೊ ಅಕ್ಕಾ! ನೀವಿನ್ನೂ ಇಲ್ಲೇ ಇದ್ದೀರಾ? ಹಬ್ಬಕ್ಕೆ ಹೋಗಲ್ವಾ?"

"ಹುಣ್ಣಿಮೆ ಎಲ್ಲಿದೆ ಇನ್ನೂ?"

"ಅಯ್ಯೋ, ಹುಣ್ಣಿಮೆಗಲ್ಲ ಅಕ್ಕಾ. ಈ ವರ್ಷದಿಂದ ಆಗಸ್ಟ್ ಹದಿಮೂರಕ್ಕೆ. ಊರ ಸಭೇಲಿ ತೀರ್ಮಾನ ಆಯ್ತಂತೆ. ಶಾಲೆಗೆ ಕ್ಯಾಲೆಂಡರು, ಬಸ್ಸಿಗೆ ಕ್ಯಾಲೆಂಡರು, ಹಬ್ಬಕ್ಕೆ ಮಾತ್ರ ಚಂದ್ರ ಯಾಕೆ ಅಂತ. ನಿಮಗೆ ತಿಳಿಸು ಅಂತ ನಿಮ್ಮ ಭಾವನೇ ಹೇಳಿ ಕಳಿಸಿದ್ರು. ನಿಮ್ಮನ್ನ ಹುಡುಕ್ತಾ ಎಷ್ಟು ಬಂದರು ತಿರುಗಿದೆ ಗೊತ್ತಾ?"

ತೊರಾ ಗಾಳ ಕೆಳಗಿಟ್ಟಳು. "ಸಭೆಯವರು ಸತ್ತವರಿಗೆ ತಿಳಿಸಿದ್ದಾರಾ? ನನ್ನ ಮಗ ಹುಣ್ಣಿಮೆ ಲೆಕ್ಕದಲ್ಲೇ ಹೊರಟ್ರೆ?"

"ಅವರಿಗೆ ದೇವಾಲಯದ ಗುರುಗಳು ಹೇಳಿರ್ತಾರೆ ಬಿಡಿ ಅಜ್ಜಿ."

ಹದಿಮೂರಕ್ಕೆ ಇನ್ನು ಐದೇ ದಿನ. ಅಂದರೆ ಚಂದ್ರ ಅರ್ಧ ತುಂಬುವ ದಿನ, ಅಷ್ಟಮಿ. ಅಷ್ಟಮಿಯ ನೀರು ಸತ್ತ ನೀರು. ಅದು ಅತ್ತಲೂ ಒಯ್ಯುವುದಿಲ್ಲ, ಇತ್ತಲೂ ತರುವುದಿಲ್ಲ. ದಾರಿಯುದ್ದಕ್ಕೂ ಪ್ರತಿ ಮಾರನ್ನೂ ತೋಳಿನಲ್ಲೇ ದುಡಿಯಬೇಕು. ಪಟ ಕಟ್ಟೋಣವೆಂದರೆ ಆ ತಿಂಗಳಲ್ಲಿ ನಮ್ಮ ಒಳಸಮುದ್ರದ ಗಾಳಿ ಮಧ್ಯಾಹ್ನ ಮಲಗಿದರೆ ಸಂಜೆಗೂ ಏಳುವುದಿಲ್ಲ. ದೇವರು ಹಬ್ಬವನ್ನು ಉಬ್ಬರಕ್ಕೆ ಇಟ್ಟಿದ್ದ, ಸಭೆಯವರು ಗೋಡೆಗೆ ತೂಗುಹಾಕಿದರು. ಆ ಸಭೆಯಲ್ಲಿ ಒಬ್ಬನಾದರೂ ಹುಟ್ಟು ಹಾಕಿ ಊರಿಗೆ ಬರುವವನು ಇದ್ದಿದ್ದರೆ ಈ ತೀರ್ಮಾನ ಆಗುತ್ತಿತ್ತೇ? ಈಗಲೂ ನೆನೆದರೆ ಮೈ ಉರಿಯುತ್ತದೆ.

"ದೋಣಿ ಇಲ್ಲೇ ಕಟ್ಟಿ, ರೈಲು ಹತ್ತಿ ಹೋಗಿ ಅಕ್ಕಾ. ನಾಡಿದ್ದೇ ಊರಲ್ಲಿರ್ತೀರ" ಎಂದ ಅವನು.

"ನಾನು ಹೋದ್ರೆ ಸಾಕಾ? ಮನೆ ಹೋಗೋದು ಬೇಡ್ವಾ?" ಎಂದಳು ಕಿಕುನೊ. ಬಲೆ ಸುತ್ತಿಟ್ಟಳು. ಲಂಗರು ಎತ್ತಿದಳು. ಅವನು ಕೊಟ್ಟ ಒಂದು ಕೊಡ ಸಿಹಿನೀರು, ಎರಡು ಸೌತೆಕಾಯಿ, ಎರಡು ಬದನೆಕಾಯಿಯನ್ನು ತೊರಾ ಮಡಿಲಿಗೆ ಹಾಕಿಕೊಂಡಳು. ಸತ್ತವರು ಬರುವಾಗ ಸೌತೆಕಾಯಿಯ ಕುದುರೆ, ಹೋಗುವಾಗ ಬದನೆಕಾಯಿಯ ಹಸು. ಬೇಗ ಬರಲಿ, ನಿಧಾನವಾಗಿ ಹೋಗಲಿ ಎಂದು. ಮುದುಕಿ ಸೌತೆಕಾಯಿಗಳಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡಿ ಮಗನ ಹೆಸರಿನ ಹಲಗೆಯ ಮುಂದೆ ನಿಲ್ಲಿಸಿದಳು. ಒಂದಕ್ಕೆ ಸುಸ್ತಾದರೆ ಇನ್ನೊಂದು ಇರಲಿ ಎಂದಳು.

ಮೊದಲ ಎರಡು ದಿನ ತೆರೆದ ಸಮುದ್ರ. ಎಲ್ಲೋ ತೆಂಕಲಲ್ಲಿ ಬಿರುಗಾಳಿ ಎದ್ದಿರಬೇಕು, ಗಾಳಿಯಿಲ್ಲದೆಯೂ ಉದ್ದನೆಯ ತೆರೆ ಸದ್ದಿಲ್ಲದೆ ಬಂದು ದೋಣಿಯನ್ನು ಎತ್ತಿ ಇಳಿಸುತ್ತಿತ್ತು. ಕಿಕುನೊ ಹಿಂಬದಿಯ ದೊಡ್ಡ ಹುಟ್ಟಿಗೆ ನಿಂತಳು, ತೊರಾ ಪಕ್ಕದ ಸಣ್ಣ ಹುಟ್ಟಿಗೆ. ತಳ್ಳಿದರೆ ಒಂದು ಹೆಜ್ಜೆ ಮುಂದೆ, ಎಳೆದರೆ ಒಂದು ಹೆಜ್ಜೆ ಹಿಂದೆ. ಇಡೀ ಮೈ ತೂಗಬೇಕು, ತೋಳು ಬರಿಯ ಹಿಡಿಕೆ. ತೋಳಿನಲ್ಲಿ ಹುಟ್ಟು ಹಾಕುವವನು ಮಧ್ಯಾಹ್ನಕ್ಕೆ ಸಾಯುತ್ತಾನೆ, ಸೊಂಟದಲ್ಲಿ ಹಾಕುವವಳು ಸಂಜೆಗೆ ಅಡುಗೆ ಮಾಡುತ್ತಾಳೆ ಎಂದು ನಮ್ಮ ಹೆಂಗಸರು ಹೇಳುವುದುಂಟು. ಆದರೆ ತೊರಾಳ ಸೊಂಟಕ್ಕೆ ಎಪ್ಪತ್ತು ದಾಟಿತ್ತು. ಗಳಿಗೆಗೊಮ್ಮೆ ಅವಳ ಹುಟ್ಟು ನೀರನ್ನು ಸವರಿ ಸುಮ್ಮನಾಗುತ್ತಿತ್ತು.

"ಅತ್ತೆ, ಕೂತ್ಕೊಳ್ಳಿ. ನಾನು ನೋಡ್ಕೋತೀನಿ."

"ನಿನ್ನ ಹುಟ್ಟು ನೀನು ನೋಡ್ಕೋ. ಮಗನಿಗೆ ಹಾಲು ಕುಡಿಸಿದ್ದು ನಾನು, ನೀನಲ್ಲ."

ಎರಡನೆಯ ದಿನ ಹುಟ್ಟಿನ ಹಿಡಿಯನ್ನು ಹಲಗೆಗೆ ಬಿಗಿದಿದ್ದ ಹಗ್ಗ ಪಟ್ಟನೆ ತುಂಡಾಯಿತು. ಆ ಹಗ್ಗವಿಲ್ಲದೆ ಹುಟ್ಟು ಎಗರುತ್ತದೆ, ದೋಣಿ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಬೇರೆ ಹಗ್ಗವೆಲ್ಲ ಲಂಗರಿನ ದಪ್ಪದ್ದು. ತೊರಾ ತನ್ನ ಸೊಂಟದ ಪಟ್ಟಿ ಬಿಚ್ಚಿ ಎಸೆದಳು, ನಿಲುವಂಗಿಯನ್ನು ಗಾಳದ ದಾರದಲ್ಲಿ ಸುತ್ತಿಕೊಂಡಳು. "ನಗ್ಬೇಡ. ಈ ವಯಸ್ಸಲ್ಲಿ ಯಾವ ಮೀನು ಬಂದು ಕಚ್ಚತ್ತೆ?" ಎಂದಳು. ಕಿಕುನೊ ಎಷ್ಟೋ ತಿಂಗಳ ಮೇಲೆ ಅವತ್ತು ನಕ್ಕಳು. ಆ ಪಟ್ಟಿ ಊರು ಮುಟ್ಟುವ ತನಕ ಹರಿಯಲಿಲ್ಲ.

ಕಾಮಿನೊಸೆಕಿ ಬಂದರಿನಲ್ಲಿ ನೀರು ತುಂಬಿಕೊಂಡರು. ಉಬ್ಬರ ಇದ್ದಷ್ಟು ಹೊತ್ತು ನಡೆಸಿದರು, ಇಳಿತ ಶುರುವಾದಾಗ ದಡದ ಬಂಡೆಗಳಿಗೆ ಅಂಟಿಕೊಂಡು, ಅಲ್ಲಿ ಹಿಮ್ಮುಖವಾಗಿ ಸುತ್ತುವ ನೀರನ್ನು ಹಿಡಿದು ತೆವಳಿದರು. ಬಾರ್ಲಿ ಅನ್ನವನ್ನು ನಿಂತೇ ತಿಂದರು. ಕಿಕುನೊಳ ಅಂಗೈ ಗಟ್ಟಿಯಾದದ್ದು, ಹುಟ್ಟು ಹಿಡಿದೇ ಗಟ್ಟಿಯಾದದ್ದು, ಅದೂ ಬಿರಿದು ಹಿಡಿಯೆಲ್ಲ ರಕ್ತವಾಯಿತು. ಹಬ್ಬದ ಹಿಂದಿನ ದಿನ ಯಾಶಿರೊ ದ್ವೀಪದ ಆಚೆ, ಊರಿಗೆ ಇನ್ನೂ ಒಂದೂವರೆ ದಿನದ ದಾರಿ ಇರುವಾಗ, ಹಿಂದಿನಿಂದ ಟಕಟಕ ಎನ್ನುತ್ತ ಎಂಜಿನ್ ದೋಣಿಯೊಂದು ಬಂತು. ಇಸೋಬೆಯ ಗೆಂಕಿಚಿ, ಹಬ್ಬಕ್ಕೆ ಹೊರಟವನು.

"ಅತ್ತಿಗೇ! ಹುಟ್ಟು ಹಾಕ್ಕೊಂಡು ನಾಳೆ ಸಂಜೆಗೆ ಮುಟ್ತೀರಾ? ಹುಚ್ಚಾ? ಹಗ್ಗ ಎಸೀತೀನಿ, ಹಿಡೀರಿ. ಬೆಳಿಗ್ಗೆ ಬೆಳಿಗ್ಗೆ ಊರಲ್ಲಿ ಬಿಡ್ತೀನಿ."

ಹಗ್ಗ ಬಂದು ಹಲಗೆಯ ಮೇಲೆ ಬಿತ್ತು. ಕಿಕುನೊ ಅದನ್ನು ನೋಡಿದಳು. ನೋಡಿದಳು ಎಂದರೆ ಸುಮ್ಮನೆ ಅಲ್ಲ, ಹಸಿದವರು ಅನ್ನ ನೋಡುವ ಹಾಗೆ. ಆಮೇಲೆ ಮೂತಿಯ ಕಬ್ಬಿಣದ ಪಟ್ಟಿಯನ್ನು ನೋಡಿದಳು. ತೆರೆ ಇನ್ನೂ ನಿಂತಿರಲಿಲ್ಲ.

"ಬೇಡಪ್ಪ. ಇದನ್ನ ಕಟ್ಟಿದ್ರೆ ಮೂತಿ ನಿನ್ನ ಜೊತೆ ಊರಿಗೆ ಬರತ್ತೆ, ಮಿಕ್ಕ ದೋಣಿ ನಮ್ಮ ಜೊತೆ ಮುಳುಗತ್ತೆ."

"ಮೆಲ್ಲಗೆ ಎಳೀತೀನಿ ಅತ್ತಿಗೆ."

"ಮೆಲ್ಲಗೆ ಅಂತಲೇ ಅವತ್ತೂ ಎಳೆದಿದ್ದು" ಎಂದಳು ತೊರಾ. "ಹೋಗು. ಊರಲ್ಲಿ ಕೇಳಿದ್ರೆ ಬರ್ತಿದ್ದಾರೆ ಅನ್ನು."

ಗೆಂಕಿಚಿ ಹಗ್ಗ ಸುತ್ತಿಕೊಂಡು ಹೋದ. ತಪ್ಪು ಮಾಡಿದೆನೇ ಎಂದು ಕಿಕುನೊ ತನ್ನನ್ನೇ ಕೇಳಿಕೊಂಡಳು. ಮುಟ್ಟದಿದ್ದರೆ ಗಂಡ ಎಲ್ಲಿಗೆ ಹೋಗುತ್ತಾನೆ? ಮಾತು ಬಿಟ್ಟ ಅಣ್ಣನ ಹೊಸ್ತಿಲಲ್ಲಿ ನಿಂತು ತಲೆ ತಗ್ಗಿಸುತ್ತಾನೆಯೇ? ಅವಳು ಆ ಯೋಚನೆಯನ್ನೇ ಹುಟ್ಟಿನ ಕೆಳಗೆ ಹಾಕಿ ತಳ್ಳಿದಳು.

ಹದಿಮೂರರ ದಿನ ಮಧ್ಯಾಹ್ನದ ಹೊತ್ತಿಗೆ ಇಸೋಬೆಯ ಹಿಂದಿನ ಗುಡ್ಡ ಕಾಣಿಸಿತು. ಗುಡ್ಡ ಕಂಡರೆ ಊರು ಸಿಕ್ಕ ಹಾಗಲ್ಲ. ನಡುವೆ ಎತ್ತಿನ ಕೊರಳು ಎಂದು ಕರೆಯುವ ಭೂಶಿರ ಚಾಚಿಕೊಂಡಿದೆ, ಅದನ್ನು ಸುತ್ತಬೇಕು. ಬಿಸಿಲು ನೆತ್ತಿಯ ಮೇಲೆ ಕೂತಿತ್ತು, ಕೊಡದ ನೀರು ಖಾಲಿಯಾಗಿತ್ತು. ಕಿಕುನೊಳ ತುಟಿ ಒಡೆದಿತ್ತು, ಕಣ್ಣು ಮಂಜಾಗುತ್ತಿತ್ತು. ತೊರಾ ಹುಟ್ಟು ಬಿಟ್ಟು ಒಳಗೆ ತೆವಳಿ, ಮಗನ ಮುಂದಿನಿಂದ ಒಂದು ಕುದುರೆಯನ್ನು ಎತ್ತಿ, ಕಡ್ಡಿ ಕಾಲು ಕಿತ್ತು, ಸೊಸೆಯ ಬಾಯಿಗೆ ಹಿಡಿದಳು.

"ತಿನ್ನು."

"ಅತ್ತೆ! ಅದು ಅವರ ಕುದುರೆ."

"ತಿನ್ನೇ. ಆ ಇನ್ನೊಂದು ಕುದುರೆ ನಾನೇ ಬೆಳಿಗ್ಗೆ ತಿಂದೆ. ನಡ್ಕೊಂಡು ಬರ್ತಾನೆ. ಸಣ್ಣೋನಿದ್ದಾಗ ಏನು ಕುದುರೆ ಮೇಲೆ ಬರ್ತಿದ್ನಾ?"

ಕಿಕುನೊ ಅಳುತ್ತಲೇ ತಿಂದಳು, ಹುಟ್ಟು ನಿಲ್ಲಿಸದೆ ತಿಂದಳು. ಸೌತೆಕಾಯಿ ಬೆಚ್ಚಗಿತ್ತು, ಒಳಗೆ ನೀರಿತ್ತು. ಅದರ ಬಲದಲ್ಲಿ ಮತ್ತೆರಡು ಗಳಿಗೆ ದೋಣಿ ನಡೆಸಿದರು.

ಎತ್ತಿನ ಕೊರಳ ಬುಡಕ್ಕೆ ಬರುವಷ್ಟರಲ್ಲಿ ಉಬ್ಬರ ಮುಗಿದು ಇಳಿತ ಶುರುವಾಯಿತು. ಅಷ್ಟಮಿಯ ನೀರು ಸತ್ತ ನೀರೆಂದು ಹೇಳಿದೆನಲ್ಲ, ಆ ಮಾತು ಇಡೀ ಒಳಸಮುದ್ರಕ್ಕೆ ಸಲ್ಲುತ್ತದೆ, ಈ ಕೊರಳಿಗೆ ಮಾತ್ರ ಸಲ್ಲುವುದಿಲ್ಲ. ಇಲ್ಲಿ ಸತ್ತ ನೀರೂ ಎದ್ದು ಕೂರುತ್ತದೆ. ಕಿಕುನೊ ಎಷ್ಟು ತಳ್ಳಿದರೂ ದಡದ ಒಂಟಿ ಪೈನ್ ಮರ ಅಲ್ಲೇ ನಿಂತಿತ್ತು. ಹೊತ್ತು ಇಳಿಯಿತು. ಗುಡ್ಡದ ಆಚೆಯಿಂದ ದೇವಾಲಯದ ಗಂಟೆ ಕೇಳಿಸಿತು. ಬಾಗಿಲುಗಳಲ್ಲಿ ದೀಪ ಹಚ್ಚುವ ಹೊತ್ತು ಅದು. ತೊರಾಳ ಕೈಯಿಂದ ಸಣ್ಣ ಹುಟ್ಟು ಜಾರಿತು, ಈ ಸಲ ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಹಲಗೆಯ ಮೇಲೆ ಕೂತುಬಿಟ್ಟಳು.

"ಲಂಗರು ಹಾಕ್ಬಿಡು ಕಿಕುನೊ. ಸಾಕು. ಇಲ್ಲಿಗೇ ಬರ್ಲಿ ಅವನು."

"ಇಲ್ಲಿ ದೀಪ ಹಚ್ಚಿದ್ರೆ ಯಾರಿಗೆ ಕಾಣತ್ತೆ ಅತ್ತೆ? ಊರಿಗೇ ಹೋಗ್ಬೇಕು. ಮರದ ಕಡೆ ನೋಡ್ಬೇಡಿ. ನನ್ನ ಕಡೆ ನೋಡಿ."

ಅವಳು ಒಬ್ಬಳೇ ತಳ್ಳಿದಳು. ಮುಂದೆ ಹೋಗುತ್ತಿರಲಿಲ್ಲ ನಿಜ, ಹಿಂದೆಯೂ ಹೋಗುತ್ತಿರಲಿಲ್ಲ. ಇಪ್ಪತ್ತು ವರ್ಷ ಹರಿವ ನೀರಿನಲ್ಲಿ ದೋಣಿಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸಿದವಳು ಅವಳು. ಆ ವಿದ್ಯೆ ಈಗ ಅಷ್ಟಕ್ಕೆ ಮಾತ್ರ ಆಯಿತು.

ಆಗ ಭೂಶಿರದ ತುದಿಯಿಂದ ಒಂದು ಪುಟ್ಟ ದೋಣಿ ಕಾಣಿಸಿಕೊಂಡಿತು. ನಿಂತು ಹುಟ್ಟು ಹಾಕುತ್ತಿದ್ದವನ ಮೈ ಅತ್ತ ಇತ್ತ ಓಲಾಡುತ್ತಿತ್ತು. ತೊರಾ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಯಾವನೇ ಅವನು, ಹಿಟ್ಟು ಕಲಸೋ ಹಾಗೆ ಹುಟ್ಟು ಹಾಕ್ತಿರೋನು?"

ಹತ್ತಿರವಾದಾಗ ಮುದುಕಿಗೆ ಗುರುತು ಸಿಕ್ಕಿತು. ಮನ್ಸಾಕು. ಹಬ್ಬದ ಬಟ್ಟೆ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಅವನು ಪುಟ್ಟ ದೋಣಿಯನ್ನು ಇವರ ದೋಣಿಯ ಹಿಂದಕ್ಕೆ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಏನನ್ನೋ ಜೋಪಾನವಾಗಿ ಹಿಡಿದು ಹತ್ತಿದ. ಕಿಕುನೊ ಹುಟ್ಟು ನಿಲ್ಲಿಸಲಿಲ್ಲ.

"ಭಾವ, ಎಳೆಯೋ ಹಗ್ಗ ತಂದಿದ್ದೀರಾ?"

"ಹಗ್ಗ ತಂದಿಲ್ಲ. ಕೈ ತಂದಿದ್ದೀನಿ."

"ಎಂಜಿನ್ ಎಲ್ಲೋ ನಿಂದು?" ಎಂದಳು ತೊರಾ.

"ಊರಲ್ಲೇ ಬಿಟ್ಟೆ ಅಮ್ಮ. ಅದರ ಶಬ್ದಕ್ಕೆ ಅವನು ಬರ್ತಾನಾ?" ಎಂದ. ಬಟ್ಟೆ ಬಿಚ್ಚಿದ. ಒಳಗೆ ಬಿಳಿ ಕಾಗದದ ದೀಪ. "ಮಧ್ಯಾಹ್ನವೇ ಬಾಗಿಲಿಗೆ ಕಟ್ಟಿದ್ದೆ. ನೀವು ಬರ್ತಿದ್ದೀರಿ ಅಂತ ಗೆಂಕಿಚಿ ಬೆಳಿಗ್ಗೇನೇ ಹೇಳಿದ್ದ. ಆದ್ರೂ ಕಟ್ದೆ, ನನ್ನ ಹಟ ನನಗೆ. ದೀಪದ ಕೆಳಗೆ ಕೂತು ಯೋಚನೆ ಮಾಡ್ದೆ. ಜೀವ ಇದ್ದಾಗ ಐದು ವರ್ಷ ಅವನು ನನ್ನ ಕಡೆ ತಿರುಗಿ ನೋಡ್ಲಿಲ್ಲ, ನಾನೂ ಕರೀಲಿಲ್ಲ. ಸತ್ತ ಮೇಲೆ ದೀಪ ತೋರಿಸಿ ಕರೆದ್ರೆ ಬರ್ತಾನಾ? ಬಿಚ್ಕೊಂಡು ಬಂದೆ."

ಅವನು ಮುಖ ಆಚೆ ತಿರುಗಿಸಿಕೊಂಡು, ತಾಯಿಯ ಕೈಯಿಂದ ಜಾರಿದ್ದ ಹುಟ್ಟನ್ನು ಎತ್ತಿಕೊಂಡ.

"ತಾಳ ನೀನೇ ಹಾಕು ಕಿಕುನೊ. ನಾನು ಮರ್ತಿದ್ದೀನಿ. ನಿನ್ನ ಹಿಂದೆ ಬರ್ತೀನಿ."

ಕಿಕುನೊ ಹೆಜ್ಜೆ ಹೇಳಿಕೊಟ್ಟಳು, ಅವನು ಹೆಜ್ಜೆ ತಪ್ಪಿದ, ತೊರಾ ಬೈದಳು, ಮತ್ತೆ ಹಿಡಿದ. ದೊಡ್ಡ ಹುಟ್ಟಿಗೆ ಸಣ್ಣ ಹುಟ್ಟು ಕೂಡಿಕೊಂಡಿತು. ಒಂಟಿ ಪೈನ್ ಮರ ಕೊಂಚ ಹಿಂದೆ ಸರಿಯಿತು. ಇನ್ನಷ್ಟು ಸರಿಯಿತು. ಎಂಜಿನ್ನಿನ ಹಿಡಿ ಮಾತ್ರ ಹಿಡಿದಿದ್ದ ಆ ಕೈಗಳಲ್ಲಿ ಬೊಬ್ಬೆಗಳೆದ್ದು ಒಡೆದವು, ಅವನು ಹುಟ್ಟು ಬಿಡಲಿಲ್ಲ. ತೊರಾ ಕಂಬದ ಬುಡದಲ್ಲಿ, ಸೊಸೆಯ ಕೂದಲಿದ್ದ ಗೂಡಿನ ನೇರಕ್ಕೆ ದೀಪವನ್ನು ತೂಗುಹಾಕಿ ಹಚ್ಚಿದಳು. ಮಗನ ಹೆಸರಿನ ಹಲಗೆಯನ್ನು ಹೊರಗೆ ತಂದು ಅದರ ಬೆಳಕಿನಲ್ಲಿ ಕೂರಿಸಿದಳು.

"ಅವನಿಗೆ ಕುದುರೆ ಎಲ್ಲಮ್ಮ?" ಎಂದು ಮನ್ಸಾಕು ಏದುತ್ತ ಕೇಳಿದ.

"ಒಂದು ನಾನು ತಿಂದೆ, ಒಂದು ನಿನ್ನ ತಮ್ಮನ ಹೆಂಡ್ತಿ ತಿಂದ್ಲು. ಮಾತು ಕಮ್ಮಿ ಮಾಡು, ಹುಟ್ಟು ಹಾಕು."

ಕೊರಳು ದಾಟಿದಾಗ ತೆಂಕಲ ಬಾನಲ್ಲಿ ಅರ್ಧ ಚಂದ್ರ ಇತ್ತು, ಪಡುವಣದ ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ. ಇಸೋಬೆ ಎದುರಿಗೇ ಬಂತು. ಬಂದರಿನ ತುಂಬ ದೋಣಿಗಳು ಸಾಲಾಗಿ ಕಟ್ಟಿದ್ದವು, ಪ್ರತಿ ದೋಣಿಯಲ್ಲೂ ದೀಪ. ಕಟ್ಟೆಯ ಮೇಲೆ ನಿಂತಿದ್ದ ಮುದುಕ, ಕಣ್ಣು ಮಂದವಾದವನು, ವಾಡಿಕೆಯಂತೆ ಕೈ ಬಾಯಿಗಿಟ್ಟು ಕೂಗಿದ.

"ಯಾರ ದೋಣಿ?"

ಕಿಕುನೊ ಬಾಯಿ ತೆರೆದಳು. ವಸಂತದಿಂದ ಪ್ರತಿ ಬಂದರಿನಲ್ಲೂ ಕೂಗಿದ ಹೆಸರು ನಾಲಗೆಯ ಮೇಲೇ ಇತ್ತು. ಅಷ್ಟರಲ್ಲಿ ಪಕ್ಕದಿಂದ ಮನ್ಸಾಕುವಿನ ದನಿ, ಎಂಜಿನ್ನಿನ ಗದ್ದಲದ ಮೇಲೆ ಕೂಗಿ ಕೂಗಿ ಒರಟಾದ ದನಿ, ಇಡೀ ಬಂದರಿಗೆ ಕೇಳುವ ಹಾಗೆ ಎದ್ದಿತು.

"ಕಿಕುನೊ ದೋಣಿ! ತೋಕುಜೊ ಇದ್ದಾನೆ ಒಳಗೆ. ಜಾಗ ಬಿಡ್ರೋ!"

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಹಗ್ಗ ಸಡಿಲಿಸಿ ದೋಣಿಗಳನ್ನು ಅತ್ತಿತ್ತ ಸರಿಸಿದರು. ನಡುವೆ ಒಂದು ದೋಣಿಯಷ್ಟು ಜಾಗ ತೆರೆಯಿತು. ಕಿಕುನೊ ದೀಪ ಅಲುಗದ ಹಾಗೆ ಹುಟ್ಟು ಹಾಕಿ ತನ್ನ ದೋಣಿಯನ್ನು ಅಲ್ಲಿಗೆ ತಂದು ನಿಲ್ಲಿಸಿದಳು.